ಚಿತ್ರ ಬರೆಯುವ ಮಕ್ಕಳ ಎಂ.ವಿ.ಎ. ಓದಿಗೆ ದುಡ್ಡು ಎಲ್ಲಿಂದ?

ಮಾನ್ಯ ಸಂಪಾದಕರೇ,

ಗೇಟ್ ಪ್ರವೇಶ ಪರೀಕ್ಷೆ ಪಾಸಾಗಿ ಎಂ.ಟೆಕ್‌ಗೆ ಸೇರಿದ ಹುಡುಗನಿಗೆ ಸರ್ಕಾರ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ಕೊಡಲಿ, ತಪ್ಪೇನಿಲ್ಲ. ಅದೇ ವಯಸ್ಸಿನ ಹುಡುಗಿ ನಾಲ್ಕು ವರ್ಷ ಬಿ.ವಿ.ಎ. (ದೃಶ್ಯಕಲೆಯ ಪದವಿ) ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಚಿತ್ರಗಳ ಕಟ್ಟು ಹೊತ್ತುಕೊಂಡು ಹೋಗಿ ಸಂದರ್ಶನ ಮುಗಿಸಿ ಎಂ.ವಿ.ಎ.ಗೆ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿಗೆ, ಸೀಟು ಪಡೆದರೆ ಅವಳಿಗೆ ಎಷ್ಟು? ಸೀಟು ಸಿಕ್ಕಿತು ಅನ್ನೋ ಕಾರಣಕ್ಕೆ ಅವಳಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಜಾತಿ, ಆದಾಯ, ಅಪ್ಪನ ಪಹಣಿ ಹೀಗೆ ಬೇರೆ ಯಾವುದಾದರೂ ಲೆಕ್ಕದಲ್ಲಿ ಏನಾದರೂ ಬರಬಹುದು. ಚಿತ್ರ ಚೆನ್ನಾಗಿ ಬರೆಯುತ್ತಾಳೆ ಅನ್ನೋ ಲೆಕ್ಕದಲ್ಲಿ ಬರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಹಳೆಯ ವಿದ್ಯಾರ್ಥಿಗಳು ಇವತ್ತಿಗೂ ಫೋನ್ ಮಾಡುತ್ತಾರೆ. ಮೊದಲೆಲ್ಲ "ಸರ್, ಮೈಸೂರು ಚೆನ್ನಾಗಿದೆಯೋ, ದಾವಣಗೆರೆಯೋ, ಬೆಂಗಳೂರಿನ ಚಿತ್ರಕಲಾ ಪರಿಷತ್ತೋ" ಅಂತ ಕೇಳುತ್ತಿದ್ದರು. ಬರೋಡಾ, ಶಾಂತಿನಿಕೇತನದ ಕನಸು ಕಾಣುವವರೂ ಇದ್ದರು. ಈಗ ಕೇಳುವುದು ಒಂದೇ ಪ್ರಶ್ನೆ. "ಸರ್, ಎಲ್ಲಾದರೂ ಸ್ಕಾಲರ್‌ಶಿಪ್ ಸಿಗುತ್ತಾ?" ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕತ್ತರಿಸಿಕೊಳ್ಳಿ, ಆದರೆ ದಯವಿಟ್ಟು ಅಂಕಿಗಳನ್ನು ಬಿಡಬೇಡಿ.

ಕಲೆಗೆ ದುಡ್ಡೇ ಇಲ್ಲ ಅಂತ ಸುಮ್ನೆ ದೂರುವುದು ಸರಿಯಲ್ಲ. ದುಡ್ಡು ಇದೆ, ಆದರೆ ಎರಡು ತುದಿಗಳಲ್ಲಿ ಇದೆ. 10ರಿಂದ 14 ವರ್ಷದ ಮಕ್ಕಳಿಗೆ ಕೇಂದ್ರದ ಸಿಸಿಆರ್‌ಟಿ ಸಂಸ್ಥೆಯ ಪ್ರತಿಭಾ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳ ಫೀಸಿಗೆ ಒಂದಿಷ್ಟು. ಮಕ್ಕಳನ್ನು ಭರತನಾಟ್ಯಕ್ಕೋ ಸಂಗೀತಕ್ಕೋ ಕಳಿಸುವ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರುತ್ತದೆ. ಇನ್ನೊಂದು ತುದಿಯಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಜೆಆರ್‌ಎಫ್, ಅಂದರೆ ನೆಟ್ ಪರೀಕ್ಷೆ ಬರೆದು ಆಯ್ಕೆಯಾದ ಸಂಶೋಧಕರಿಗೆ ಕೊಡುವ ಫೆಲೋಶಿಪ್. ದೃಶ್ಯಕಲೆ, ಸಂಗೀತ, ನಾಟಕ, ನೃತ್ಯಕ್ಕೂ ನೆಟ್ ಪರೀಕ್ಷೆ ಇದೆ. ಜೆಆರ್‌ಎಫ್ ಸಿಕ್ಕಿ ಪಿಎಚ್.ಡಿ.ಗೆ ಸೇರಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಎಂಜಿನಿಯರ್ ಮಕ್ಕಳೂ ಹೊಟ್ಟೆಕಿಚ್ಚು ಪಡುವಷ್ಟು ದುಡ್ಡು. ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ 75 ಅಂಕ ಇದ್ದವರು 2024ರಿಂದ ಇದಕ್ಕೆ ನೇರವಾಗಿ ಬರೆಯಬಹುದು. ಆದರೆ ಉಳಿದವರು ಅಲ್ಲಿಗೆ ಹೋಗಬೇಕಾದರೆ ಮೊದಲು ಎಂ.ವಿ.ಎ.ಯೋ ಎಂ.ಎ.ಯೋ ಮುಗಿದಿರಬೇಕು, ಅದಕ್ಕೆ ಎರಡು ವರ್ಷ ಬೇಕು, ಆ ಎರಡು ವರ್ಷಕ್ಕೆ ಯಾರೂ ಇಲ್ಲ. ಜಗಲಿಯೂ ಇದೆ, ಅಟ್ಟವೂ ಇದೆ, ಏಣಿ ಮಾತ್ರ ನಿಮ್ಮ ಮನೆಯಿಂದಲೇ ತನ್ನಿ ಅಂದ ಹಾಗಾಯಿತು.

ಆದ್ದರಿಂದ ಆಗುವುದೇನು? ಮನೆಯಲ್ಲಿ ಅನುಕೂಲ ಇದ್ದವರು ಎಂ.ವಿ.ಎ. ಮುಗಿಸುತ್ತಾರೆ, ನೆಟ್ ಬರೆಯುತ್ತಾರೆ, ಮುಂದೆ ಕಾಲೇಜಿನಲ್ಲಿ ಅಧ್ಯಾಪಕರೂ ಆಗುತ್ತಾರೆ. ಇಲ್ಲದವರು ಬಿ.ವಿ.ಎ. ಮುಗಿದ ತಕ್ಷಣ ಫ್ಲೆಕ್ಸ್ ಅಂಗಡಿಗೆ ಡಿಸೈನ್ ಮಾಡಲು ಹೋಗುತ್ತಾರೆ. ಆ ಕೆಲಸವನ್ನು ನಾನು ಕೀಳು ಅನ್ನುವುದಿಲ್ಲ. ಆದರೆ ನಮ್ಮ ಕಲಾ ಕಾಲೇಜುಗಳಲ್ಲಿ ನಾಳೆ ಪಾಠ ಮಾಡುವವರು ಯಾರು ಅನ್ನೋದು ಈ ಎರಡು ವರ್ಷದಲ್ಲೇ ತೀರ್ಮಾನವಾಗುತ್ತದೆ, ಅದೂ ಅವರ ಕೈ ನೋಡಿ ಅಲ್ಲ, ಅಪ್ಪನ ಜೇಬು ನೋಡಿ.

ನಡುವೆ ಏನೇನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. ವಯಸ್ಸು 18ರಿಂದ 25, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಗುರುಗಳ ಬಳಿಯೋ ಸಂಸ್ಥೆಯಲ್ಲೋ ಕನಿಷ್ಠ 5 ವರ್ಷ ಕಲಿತಿರಬೇಕು. ಇಡೀ ದೇಶಕ್ಕೆ ವರ್ಷಕ್ಕೆ 400. ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕ, ಮೂಕಾಭಿನಯ, ಚಿತ್ರ, ಶಿಲ್ಪ, ಜಾನಪದ ಎಲ್ಲ ಸೇರಿ 400. ದುಡ್ಡು ಬರುವುದು ಆರು ತಿಂಗಳಿಗೊಂದು ಕಂತಿನಲ್ಲಿ. ಹಾಸ್ಟೆಲ್ ಮೆಸ್ಸಿನವನು ಆರು ತಿಂಗಳು ಕಾಯುತ್ತಾನಾ? ಆದರೂ ಒಳ್ಳೆಯ ಯೋಜನೆ, ನಮ್ಮ ಮಕ್ಕಳು ತಪ್ಪದೆ ಅರ್ಜಿ ಹಾಕಬೇಕು. ಹಾಕುವುದಿಲ್ಲ, ಯಾಕೆಂದರೆ ಹೀಗೊಂದು ಇದೆ ಅಂತಲೇ ಅರ್ಧ ಜನಕ್ಕೆ ಗೊತ್ತಿಲ್ಲ.

ಯುಜಿಸಿಯದು ಇನ್ನೊಂದಿದೆ, ಸ್ನಾತಕೋತ್ತರ ಓದುವವರಿಗೆ. ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು, ದೇಶಕ್ಕೆ 10,000 ಮಂದಿಗೆ. ಆಯ್ಕೆ ಡಿಗ್ರಿಯ ಅಂಕಗಳ ಮೇಲೆ. ಚಿತ್ರಕ್ಕೆ ಅಂಕ ಹಾಕುವ ರೀತಿ ಬೇರೆ, ಗಣಿತಕ್ಕೆ ಹಾಕುವ ರೀತಿ ಬೇರೆ ಅಲ್ವಾ? ಪ್ರಾಕ್ಟಿಕಲ್‌ಗೆ ಕೈ ಬಿಗಿ ಹಿಡಿದು ಅಂಕ ಕೊಡುವ ಕಾಲೇಜಿನ ಹುಡುಗ ಎಷ್ಟೇ ಒಳ್ಳೆಯ ಪೇಂಟರ್ ಆಗಿದ್ದರೂ ಅಂಕದ ಸಾಲಿನಲ್ಲಿ ಹಿಂದೆ ಬೀಳುತ್ತಾನೆ. ಅವನ ಪೋರ್ಟ್‌ಫೋಲಿಯೊ ನೋಡುವ ವ್ಯವಸ್ಥೆ ಅಲ್ಲಿಲ್ಲ.

ರಾಜ್ಯದ್ದು ಹೇಳುವುದಾದರೆ, ಎಸ್‌ಎಸ್‌ಪಿ ಅನ್ನೋ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಹಿಂದುಳಿದ ವರ್ಗದವರಿಗೆ ಊಟ ವಸತಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಗಂಡುಮಕ್ಕಳಾದರೆ 10,000, ಹೆಣ್ಣುಮಕ್ಕಳಾದರೆ 11,000 ಅಂತ ಇಟ್ಟರು. ಇಂಥವು ಇರುವುದರಿಂದಲೇ ಎಷ್ಟೋ ಹಳ್ಳಿ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದಾರೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ತಕರಾರು ಬೇರೆ. ಈ ಎಲ್ಲ ಯೋಜನೆಗಳೂ ಓದು ಅಂದರೆ ಫೀಸು, ಊಟ, ಪುಸ್ತಕ ಅಂತ ತಿಳಿದಿವೆ. ಕಲೆ ಓದುವವರ ಖರ್ಚು ಇರುವುದು ಬೇರೆ ಕಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಕಾಣುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡುವವರು ಲೈಬ್ರರಿ ನಂಬಿಕೊಂಡು ಓದಬಹುದು. ಪೇಂಟಿಂಗ್ ಹುಡುಗ ಕ್ಯಾನ್ವಾಸ್ ಕೊಳ್ಳಬೇಕು, ಅದಕ್ಕೆ ಮರದ ಚೌಕಟ್ಟು ಹೊಡೆಸಬೇಕು, ಬಣ್ಣ ಕೊಳ್ಳಬೇಕು. ಬಣ್ಣದಲ್ಲೂ ಬಡವ ಶ್ರೀಮಂತ ಅಂತ ಇದೆ. ಮಣ್ಣಿನ ಬಣ್ಣಗಳು ಅಗ್ಗ, ಒಳ್ಳೆಯ ಕ್ಯಾಡ್ಮಿಯಂ ಕೆಂಪು, ಕೋಬಾಲ್ಟ್ ನೀಲಿ ಟ್ಯೂಬುಗಳು ದುಬಾರಿ. ಪ್ರಿಂಟ್‌ಮೇಕಿಂಗ್‌ನವರಿಗೆ ಜಿಂಕ್ ಪ್ಲೇಟು, ಆಸಿಡ್, ಇಂಕು, ದಪ್ಪ ಕಾಗದ. ಶಿಲ್ಪದವರ ಕಷ್ಟ ಕೇಳಲೇಬೇಡಿ. ಜೇಡಿಮಣ್ಣಿನಲ್ಲಿ ಮಾಡಿದ್ದು ಉಳಿಯುವುದಿಲ್ಲ, ಪ್ಲಾಸ್ಟರ್ ಅಚ್ಚು ತೆಗೆಯಬೇಕು, ಆಮೇಲೆ ಫೈಬರ್, ಕಂಚು ಅಂದರಂತೂ ಕೆ.ಜಿ. ಲೆಕ್ಕ, ಎರಕ ಹೊಯ್ಯುವವರ ಕೂಲಿ ಬೇರೆ, ಇಷ್ಟೆಲ್ಲ ಮಾಡಿ ವರ್ಷದ ಕೊನೆಯ ಡಿಸ್‌ಪ್ಲೇಗೆ ಅದನ್ನು ಸಾಗಿಸಲು ಗಾಡಿ ಬಾಡಿಗೆ. ದುಡ್ಡಿಲ್ಲದ ಹುಡುಗ ಏನು ಮಾಡುತ್ತಾನೆ ಗೊತ್ತಾ? ಚಿಕ್ಕ ಚಿಕ್ಕ ಕೆಲಸ ಮಾಡುತ್ತಾನೆ. ಪಕ್ಕದವನು ಆರು ಅಡಿ ಕ್ಯಾನ್ವಾಸ್ ನಿಲ್ಲಿಸಿದರೆ ಇವನು ಕಾಗದದ ಮೇಲೆ ಇದ್ದಿಲಿನಲ್ಲಿ ಬರೆಯುತ್ತಾನೆ. ನೋಡಲು ಬಂದವರು ಇವನಿಗೆ ದೊಡ್ಡದಾಗಿ ಯೋಚಿಸಲು ಬರುವುದಿಲ್ಲ ಅಂತ ಹೇಳಿ ಹೋಗುತ್ತಾರೆ. ಯೋಚಿಸಲು ಬರುತ್ತದೆ ಸ್ವಾಮಿ, ಕೊಳ್ಳಲು ಬರುವುದಿಲ್ಲ.

ಸಂಜೆ ಕೆಲಸ ಮಾಡಿ ಓದಲಿ ಅನ್ನುವವರಿದ್ದಾರೆ. ಮಾಡುತ್ತಿದ್ದಾರಲ್ಲ! ಶಾಲೆಗಳ ಗೋಡೆಗೆ ಚಿತ್ರ ಬರೆಯುತ್ತಾರೆ, ಗಣೇಶ ಚೌತಿಗೆ ಮೂರ್ತಿಗೆ ಬಣ್ಣ ಹಚ್ಚುತ್ತಾರೆ, ಮದುವೆ ಮಂಟಪದ ಹಿನ್ನೆಲೆ ಬರೆಯುತ್ತಾರೆ, ಅಪಾರ್ಟ್‌ಮೆಂಟ್ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ಮಾಡುತ್ತಾರೆ. ಒಂದು ಮಿತಿವರೆಗೆ ಅದು ಒಳ್ಳೆಯದೇ, ಕೈ ಪಳಗುತ್ತದೆ. ಆದರೆ ಸ್ನಾತಕೋತ್ತರ ಅನ್ನೋದು ತನ್ನದೇ ಕೆಲಸ ಯಾವುದು ಅಂತ ಹುಡುಕಿಕೊಳ್ಳುವ ಎರಡು ವರ್ಷ. ಅದು ಬೇರೆಯವರ ಗೋಡೆಗೆ ನವಿಲು ಬರೆಯುವುದರಲ್ಲೇ ಕಳೆದುಹೋದರೆ ಡಿಗ್ರಿ ಬರುತ್ತದೆ, ಬೇಕಾದದ್ದು ಬರುವುದಿಲ್ಲ.

ಹಾಗಾದರೆ ಸಾಲ ಮಾಡಲಿ ಅನ್ನಬಹುದು. ನನ್ನ ವಿದ್ಯಾರ್ಥಿನಿಯೊಬ್ಬಳ ಜೊತೆ ನಾನೇ ಒಂದು ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕು ಅನ್ನೋದು ಬೇಡ, ಎಲ್ಲ ಕಡೆಯೂ ಇದೇ ಕಥೆ ಅಂತ ಆಮೇಲೆ ಗೊತ್ತಾಯಿತು. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು, ಕಾಫಿ ತರಿಸಿದರು. ಕೊನೆಗೆ "ಮೇಷ್ಟ್ರೇ, ಇದು ಓದಿದರೆ ಕೆಲಸ ಏನು ಸಿಗುತ್ತೆ?" ಅಂತ ಕೇಳಿದರು. "ಜಮೀನಿನ ಕಾಗದ ಏನಾದರೂ ಇದೆಯಾ?" ಅಂತಲೂ ಕೇಳಿದರು. ಆದರೆ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಅನ್ನೋದು ಎಷ್ಟೋ ವರ್ಷದಿಂದ ಇರುವ ನಿಯಮ. ಅದಕ್ಕೂ ಮೇಲೆ, 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿ ಇದೆ. ಓದು ಮುಗಿದು ಒಂದು ವರ್ಷದವರೆಗೂ ಕಂತು ಕಟ್ಟಬೇಕಾಗಿಲ್ಲ. ಇದನ್ನೆಲ್ಲ ತಿಳಿದುಕೊಂಡು ಹೋಗಿ, ಕೊಡುವುದಿಲ್ಲ ಅಂದರೆ ಯಾಕೆ ಅಂತ ಬರೆದುಕೊಡಿ ಅಂತ ಕೇಳಬೇಕು. ಹೀಗೆ ಕೇಳಿದ ಮೇಲೆ ಧಾಟಿ ಸ್ವಲ್ಪ ಬದಲಾಗುತ್ತದೆ, ಇದು ನನ್ನ ಅನುಭವ.

ಆದರೆ ಸಾಲದಲ್ಲೂ ನಮ್ಮ ಮಕ್ಕಳು ಮೆಲ್ಲಗೆ ಸೋಸಿ ಹೋಗುತ್ತಾರೆ. ರಾಜ್ಯದ ಅಭಿವೃದ್ಧಿ ನಿಗಮಗಳ ಅರಿವು ಅನ್ನೋ ಶಿಕ್ಷಣ ಸಾಲ ಸಿಇಟಿ ಮೂಲಕ ಸೀಟು ಪಡೆದ ವೃತ್ತಿಪರ ಕೋರ್ಸಿನವರಿಗೆ. ಚಿತ್ರಕಲೆಗೆ ಸಿಇಟಿ ಎಲ್ಲಿಂದ ಬರಬೇಕು? ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಕೇಂದ್ರದ ಯೋಜನೆ ಇದೆ, ವರ್ಷಕ್ಕೆ 4.5 ಲಕ್ಷದೊಳಗಿನ ಆದಾಯದ ಮನೆಯವರಿಗೆ, ಅದೂ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ. 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಬಂತು. ಅಡಮಾನ ಬೇಡ, ಜಾಮೀನು ಬೇಡ, 8 ಲಕ್ಷದೊಳಗಿನ ಆದಾಯದ ಮನೆಯವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಓದಿ ಖುಷಿಪಟ್ಟೆ. ಆಮೇಲೆ ನೋಡಿದರೆ ಅದು ಕೇಂದ್ರದ ಸಂಸ್ಥೆಗಳಿಗೆ ಮತ್ತು ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಸಂಸ್ಥೆಗಳಿಗೆ. ಎನ್‌ಐಆರ್‌ಎಫ್‌ನಲ್ಲಿ ಎಂಜಿನಿಯರಿಂಗ್‌ಗೆ ಪಟ್ಟಿ ಇದೆ, ಮ್ಯಾನೇಜ್‌ಮೆಂಟ್, ಮೆಡಿಕಲ್, ಡೆಂಟಲ್, ಫಾರ್ಮಸಿ, ಕಾನೂನು, ಆರ್ಕಿಟೆಕ್ಚರ್, ಕೃಷಿ ಎಲ್ಲಕ್ಕೂ ಇದೆ. ಚಿತ್ರಕಲೆ, ಸಂಗೀತ, ನಾಟಕಕ್ಕೆ ಪಟ್ಟಿಯೇ ಇಲ್ಲ. ಪಟ್ಟಿ ಇಲ್ಲದ ಮೇಲೆ ರ‍್ಯಾಂಕ್ ಎಲ್ಲಿ, ರ‍್ಯಾಂಕ್ ಇಲ್ಲದ ಮೇಲೆ ಸಾಲ ಎಲ್ಲಿ? ಶಾಂತಿನಿಕೇತನ ಕೇಂದ್ರೀಯ ವಿಶ್ವವಿದ್ಯಾಲಯ ಆದ್ದರಿಂದ ಅಲ್ಲಿ ಸೇರಿದವರು ಬಚಾವ್. ನಮ್ಮ ಊರುಗಳ ಕಲಾ ಕಾಲೇಜಿನವರ ಹೆಸರು ಯಾರೂ ಹೊಡೆದುಹಾಕಿಲ್ಲ, ಬರೆದೇ ಇಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಇಂಥದ್ದಕ್ಕೆ. ಬೇಡ ಅಂತ ಒಬ್ಬರು ಹೇಳಿದ್ದರೆ ಅವರ ಜೊತೆ ಜಗಳ ಆಡಬಹುದಿತ್ತು.

ಹೊರದೇಶದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಅಲ್ಲಿಗೆ ಹೋಗುವವರು ಕಡಿಮೆ. ವಿಚಿತ್ರ ಅಂದರೆ ಅಲ್ಲಿ ಬಾಗಿಲು ಇಲ್ಲಿಗಿಂತ ಅಗಲವಾಗಿ ತೆರೆದಿದೆ. ಜರ್ಮನಿಯ ಡಿಎಎಡಿ ಅನ್ನೋ ಸಂಸ್ಥೆ ಚಿತ್ರಕಲೆ, ಸಂಗೀತ, ರಂಗಭೂಮಿಗೆ ಅಂತಲೇ ಬೇರೆ ಬೇರೆ ವಿದ್ಯಾರ್ಥಿವೇತನ ಇಟ್ಟಿದೆ, ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೂ ಇಲ್ಲ. ಮುಂಬೈನ ಇನ್‌ಲ್ಯಾಕ್ಸ್ ಪ್ರತಿಷ್ಠಾನ ಕಲೆ ಓದುವವರನ್ನೂ ಕಳಿಸುತ್ತದೆ. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ ವಿದ್ಯಾರ್ಥಿವೇತನಕ್ಕೆ ಯಾವ ವಿಷಯದವರಾದರೂ ಅರ್ಜಿ ಹಾಕಬಹುದು. ಇನ್ನು ನಮ್ಮದೇ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಿ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಅಂತ ಇರುವ ಯೋಜನೆ, ವರ್ಷಕ್ಕೆ 125 ಮಂದಿಗೆ. 2022ರಲ್ಲಿ ಅದಕ್ಕೊಂದು ನಿಯಮ ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸಕ್ಕೆ ಸಂಬಂಧಿಸಿದ ವಿಷಯ ಓದುವುದಾದರೆ ದುಡ್ಡಿಲ್ಲ. ತೊಗಲುಗೊಂಬೆ ಮಾಡುವವರ ಮನೆಯ ಹುಡುಗ ಲಂಡನ್ನಿನಲ್ಲಿ ತೊಗಲುಗೊಂಬೆಯ ಚರಿತ್ರೆ ಓದುತ್ತೇನೆ ಅಂದರೆ ಆಗುವುದಿಲ್ಲ. ಅದನ್ನು ಇಲ್ಲೇ ಓದಬಹುದಲ್ಲ ಅನ್ನುವವರಿಗೆ ನನ್ನ ಪ್ರಶ್ನೆ, ಇಲ್ಲಿ ಓದಲು ದುಡ್ಡು ಎಲ್ಲಿದೆ?

ನಾಟಕದವರ ಸ್ಥಿತಿ ಒಂದು ರೀತಿಯಲ್ಲಿ ಪರವಾಗಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಆಯ್ಕೆಯಾದರೆ ಮೂರು ವರ್ಷವೂ ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಡುತ್ತಾರೆ. ಡಿಗ್ರಿ ಮುಗಿಸಿದವರೇ ಹೋಗುವ ಶಾಲೆ ಅದು. ಬಿ.ವಿ. ಕಾರಂತ, ಬಿ. ಜಯಶ್ರೀ, ಪ್ರಸನ್ನ ಕಲಿತ ಜಾಗ. ಅಂದರೆ ಆಯ್ಕೆ ಮಾಡಿದ ಮೇಲೆ ಅವರ ಊಟದ ಜವಾಬ್ದಾರಿಯೂ ನಮ್ಮದು ಅನ್ನೋ ಪದ್ಧತಿ ಈ ದೇಶದಲ್ಲಿ ಈಗಲೂ ಇದೆ, ಯಾರೂ ಅದನ್ನು ದಂಡ ಅಂದಿಲ್ಲ. ನಾಟಕಕ್ಕೆ ಆಗುವುದು ಚಿತ್ರಕ್ಕೆ, ಶಿಲ್ಪಕ್ಕೆ, ಸಂಗೀತಕ್ಕೆ ಯಾಕೆ ಆಗಬಾರದು?

ಕಾರಂತರ ಹೆಸರು ಬಂತು ಅಂತ ಹೇಳುತ್ತೇನೆ. ಗುಬ್ಬಿ ಕಂಪನಿಯಲ್ಲಿದ್ದ ಆ ಹುಡುಗನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ಗುಬ್ಬಿ ವೀರಣ್ಣನವರು. ನಾಟಕ ಕಂಪನಿ ಮಾಲೀಕರು! ಮುಂದೆ ದೆಹಲಿಯಲ್ಲಿ ಕಾರಂತರು ನಾಟಕ ಕಲಿಯುವಾಗ ಅವರ ಹೆಂಡತಿ ಪ್ರೇಮಾ ಕಾರಂತರು ಟೀಚರ್ ಕೆಲಸ ಮಾಡಿ ಸಂಸಾರ ನಡೆಸಿದರು. ಅದಕ್ಕೂ ಹಿಂದೆ ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ ಕಳಿಸಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರ ಕಲಿಯಲು ವ್ಯವಸ್ಥೆ ಮಾಡಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು. ಒಬ್ಬರಿಗೆ ರಾಜ, ಒಬ್ಬರಿಗೆ ಕಂಪನಿ ಯಜಮಾನರು ಮತ್ತು ಹೆಂಡತಿ. ಇವತ್ತಿನ ಮಕ್ಕಳಿಗೆ ಸಾಮಾನ್ಯವಾಗಿ ಅಕ್ಕನೋ ಅಮ್ಮನೋ ಇರುತ್ತಾರೆ, ಒಡವೆ ಇಟ್ಟು ಕೊಡುವವರು. ವಿಧಾನಸೌಧಕ್ಕೆ ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಕೇಳುವುದು ದೊಡ್ಡದಲ್ಲ. ರಾಜ್ಯ ಸರ್ಕಾರ ದೃಶ್ಯಕಲೆ, ಸಂಗೀತ, ನೃತ್ಯ, ನಾಟಕದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವರ್ಷಕ್ಕೆ 100 ವಿದ್ಯಾರ್ಥಿವೇತನ ಇಡಲಿ. ಎರಡು ವರ್ಷದವರು ಸೇರಿ 200 ಮಂದಿ. ತಿಂಗಳಿಗೆ 10,000, ವರ್ಷಕ್ಕೆ 10 ತಿಂಗಳು. ಲೆಕ್ಕ ಹಾಕಿ, 2 ಕೋಟಿ ರೂಪಾಯಿ. ರಾಜ್ಯದ ಬಜೆಟ್ ಲಕ್ಷಾಂತರ ಕೋಟಿಯದು. ಆಯ್ಕೆ ಮಾಡುವವರು ಕೆಲಸ ನೋಡಿ ಮಾಡಲಿ, ಹಾಡಿಸಿ ನೋಡಿ ಮಾಡಲಿ, ಅಂಕಪಟ್ಟಿ ಆಮೇಲೆ. ದುಡ್ಡು ತಿಂಗಳು ತಿಂಗಳು ಬರಲಿ. ವರ್ಷ ಮುಗಿದ ಮೇಲೆ ಒಟ್ಟಿಗೆ ಬರುವ ದುಡ್ಡು ಸಾಲಗಾರರಿಗೆ ಹೋಗುತ್ತದೆ, ಓದಿಗಲ್ಲ.

ಕಂಪನಿಗಳೂ ಇವೆಯಲ್ಲ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆಯೂ ಇದೆ. ಕಾನೂನು ಅಡ್ಡ ಬರುವುದಿಲ್ಲ. ಬೆಂಗಳೂರಿನಲ್ಲಿ ಇಷ್ಟೊಂದು ಕಂಪನಿಗಳಿವೆ, ಅವುಗಳ ಲಾಬಿಯ ಗೋಡೆಯಲ್ಲಿ ನಮ್ಮ ಕಲಾವಿದರ ಚಿತ್ರಗಳೂ ಇವೆ. ಒಂದು ಚಿತ್ರದ ಬೆಲೆಗೆ ಒಬ್ಬ ಹುಡುಗಿಯ ಎರಡು ವರ್ಷ ನಡೆಯುತ್ತದೆ.

ಇನ್ನೊಂದು ಕೆಲಸಕ್ಕೆ ದುಡ್ಡೂ ಬೇಕಾಗಿಲ್ಲ. ಪ್ರತಿ ಕಲಾ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರಿಗೆ ಸ್ಕಾಲರ್‌ಶಿಪ್ ಜವಾಬ್ದಾರಿ ಕೊಡಿ. ಈ ಅರ್ಜಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ. ನೀನು ಯಾಕೆ ಚಿತ್ರ ಬರೆಯುತ್ತೀಯ, ಮುಂದೆ ಏನು ಮಾಡುತ್ತೀಯ ಅಂತ ಎರಡು ಪುಟ ಬರೆಯಲು ಹೇಳುತ್ತಾರೆ. ಹಳ್ಳಿಯಿಂದ ಬಂದ ಹುಡುಗ ಅದನ್ನು ಕನ್ನಡದಲ್ಲಿ ನನಗೆ ಫೋನಿನಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಾನೆ ಅಂದರೆ ಕೇಳುತ್ತಲೇ ಇರಬೇಕು ಅನಿಸುತ್ತದೆ, ಆದರೆ ಅರ್ಜಿಯಲ್ಲಿ ಇಂಟರ್‌ನೆಟ್‌ನಿಂದ ಎತ್ತಿದ ನಾಲ್ಕು ಸಾಲು ಹಾಕಿ ಕಳಿಸುತ್ತಾನೆ. ಚಿತ್ರಗಳ ಫೋಟೊವನ್ನು ಟ್ಯೂಬ್‌ಲೈಟ್ ಕೆಳಗೆ ಮೊಬೈಲ್‌ನಲ್ಲಿ ತೆಗೆದು ಕಳಿಸುತ್ತಾನೆ. ಕುಳಿತು ಒಂದು ಮಧ್ಯಾಹ್ನ ಹೇಳಿಕೊಡುವವರಿದ್ದರೆ ಸರಿಹೋಗುವ ವಿಷಯಗಳು ಇವು. ಲಲಿತಕಲಾ ಅಕಾಡೆಮಿ ವರ್ಷಕ್ಕೆ ಇಷ್ಟೊಂದು ಶಿಬಿರ ಮಾಡುತ್ತದೆ, ಒಂದು ಶಿಬಿರ ಅರ್ಜಿ ಬರೆಯುವುದಕ್ಕೆ ಅಂತ ಮಾಡಲಿ.

ನಿಮ್ಮಲ್ಲೂ ಒಂದು ಮಾತು. ನಿಮ್ಮ ಶಿಕ್ಷಣ ಪುರವಣಿಯಲ್ಲಿ ಪ್ರತಿವಾರ ವಿದ್ಯಾರ್ಥಿವೇತನಗಳ ಪಟ್ಟಿ ಬರುತ್ತದೆ. ಎಂಜಿನಿಯರಿಂಗ್, ಎಂಬಿಎ, ನರ್ಸಿಂಗ್ ಎಲ್ಲ ಇರುತ್ತದೆ. ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಾಗ, ನೆಟ್ ಪರೀಕ್ಷೆಯ ದಿನಾಂಕ ಬಂದಾಗ, ಡಿಎಎಡಿಯ ಕಲಾ ವಿಭಾಗದ ಕೊನೆಯ ದಿನ ಹತ್ತಿರ ಬಂದಾಗ ಅದೇ ಪಟ್ಟಿಯಲ್ಲಿ ಎರಡು ಸಾಲು ಹಾಕಿ. ಹೊರದೇಶದ್ದಾದರೆ ಒಂದು ವರ್ಷ ಮೊದಲೇ ತಯಾರಿ ಬೇಕು, ಆದ್ದರಿಂದ ಅದನ್ನು ಆದಷ್ಟು ಬೇಗ ಹಾಕಿ. ಹಾಕುವ ಮೊದಲು ವಯಸ್ಸಿನ ಮಿತಿ ನೋಡಿಕೊಳ್ಳಿ, ನಮ್ಮ ಮಕ್ಕಳು ಜಾಸ್ತಿ ತಪ್ಪಿಸಿಕೊಳ್ಳುವುದು ಅಲ್ಲೇ: ಬಿ.ವಿ.ಎ. ಮುಗಿಸಿ ಎರಡು ವರ್ಷ ದುಡಿದು ದುಡ್ಡು ಕೂಡಿಟ್ಟು ಬರುವಷ್ಟರಲ್ಲಿ 25 ದಾಟಿರುತ್ತದೆ.

ಇಂತಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು
ದಾವಣಗೆರೆ ಜಿಲ್ಲೆ